ಗುಂಡಿಗೆ ನಕ್ಷೆ

ನಾನು ಪುಕ್ಕಲ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದು ಹೇಳುವುದು ಸಲೀಸು. ಎರೆಕಟ್ಟೆ ರಾಷ್ಟ್ರೀಯ ಉದ್ಯಾನದಲ್ಲಿ ಇಪ್ಪತ್ತಾರು ವರ್ಷ ಜನರಿಗೆ ಹಕ್ಕಿ ತೋರಿಸಿದವನು ನಾನು. ಜೀಪಿನಲ್ಲಿ ಕೂತ ಸಾಹೇಬರು ಬೈನಾಕ್ಯುಲರ್ ಇಳಿಸಿ, "ಏನ್ ರಾಚಪ್ಪ, ನಿಮಗೆ ಭಯಾನೇ ಇಲ್ವಲ್ರೀ" ಅಂದಾಗಲೆಲ್ಲ ಮೀಸೆ ತಿರುವಿದ್ದೇನೆ. ಒಳಗಿನ ಪಾಡು ನನಗೊಬ್ಬನಿಗೇ ಗೊತ್ತು. ಪ್ರತಿ ಬೆಳಿಗ್ಗೆ ಮನೆದೇವರು ಮಾದಪ್ಪನಿಗೆ ಕೈಮುಗಿದೇ ಗೇಟು ದಾಟುತ್ತಿದ್ದೆ. ಒಂದು ದಿನವೂ ತಪ್ಪಿದ್ದಿಲ್ಲ.

ಆ ಭಯ ಸುಳ್ಳೂ ಆಗಲಿಲ್ಲ. ನನ್ನ ಹೆಂಡತಿ ಮಾದೇವಿಯ ತಮ್ಮ ದನ ಹೊಡೆದುಕೊಂಡು ಹೋದವನು ಹಾಡಹಗಲು ಹುಲಿಯ ಬಾಯಿಗೆ ಬಿದ್ದ. ಹುಡುಕಲು ಹೋದ ಹದಿನೈದು ಜನರಲ್ಲಿ ನಾನೂ ಇದ್ದೆ. ಸಿಕ್ಕಿದ್ದು ಒಂದು ಚಪ್ಪಲಿ, ಅರ್ಧ ಬೆಲ್ಟು. ಅದನ್ನು ಪಂಚೆಯಲ್ಲಿ ಸುತ್ತಿಕೊಂಡು ಬಂದು ಮಾದೇವಿಯ ಕೈಗೆ ಕೊಟ್ಟವನೂ ನಾನೇ. ನಮ್ಮ ಕಾರೆಪಾಳ್ಯ ಕಾಡಿನ ಅಂಚಿಗೆ ಅಂಟಿಕೊಂಡ ಊರು. ಅಲ್ಲಿ ಇಂಥ ಮನೆ ನಮ್ಮದೊಂದೇ ಅಲ್ಲ.

ಆ ವರ್ಷವೇ ಧಾರವಾಡದ ಕಡೆಯ ಡಾ. ಶಕುಂತಲಾ ಅಂಗಡಿ ಎಂಬ ವಿಜ್ಞಾನಿ ನಮ್ಮ ಕಾಡಿಗೆ ಬಂದರು. ಕುಳ್ಳನೆಯ ಹೆಂಗಸು, ಮಾತು ಮಾತ್ರ ಚಾಟಿ. ಬಂದ ಮೊದಲ ದಿನವೇ ಗೈಡುಗಳನ್ನೆಲ್ಲ ಕೂರಿಸಿಕೊಂಡು ಕೇಳಿದರು: "ಹುಲಿ ಎಲ್ಲೈತಿ ಅಂತ ಹುಲೀನ ಯಾಕ ಹುಡುಕ್ಕೋತ ಕುಂದರಬೇಕ್ರೀ? ಅದಕ್ಕ ಅಂಜೋವ್ರನ್ನ ಕೇಳಿದ್ರ ಆತಲ್ಲ?"

ಹುಲಿಗೆ ಅಂಜುವವರು ಎಂದರೆ ಹಕ್ಕಿಗಳು. ಡಾಕ್ಟರ ಬಳಿ ರಾಗಿ ಕಾಳಿನಷ್ಟು ಪುಟ್ಟದೊಂದು ಯಂತ್ರವಿತ್ತು. ಹಕ್ಕಿಯ ಕಾಲಿಗೆ ಉಂಗುರದಂತೆ ತೊಡಿಸಿದರೆ ಅದು ಹಕ್ಕಿಯ ಎದೆಬಡಿತ ಎಣಿಸಿ, ಕಾಡಿನಲ್ಲಿ ನಿಲ್ಲಿಸಿದ ಗೋಪುರಗಳಿಗೆ ಕಳಿಸುತ್ತಿತ್ತು. ಎರಡು ವರ್ಷ ಬಲೆ ಹಾಕಿ ಹರಟೆಮಲ್ಲ, ಪಿಕಳಾರ, ಮಟಪಕ್ಷಿ ಎಂದು ನಾಲ್ಕು ಸಾವಿರ ಹಕ್ಕಿಗಳಿಗೆ ತೊಡಿಸಿದೆವು. ಕಂಟ್ರೋಲ್ ರೂಮಿನ ಗೋಡೆಯ ತುಂಬ ಕಾಡಿನ ನಕ್ಷೆ; ಅದರಲ್ಲಿ ಐವತ್ತು ಮೀಟರಿಗೊಂದು ಚೌಕ. ಹಕ್ಕಿಗಳು ನೆಮ್ಮದಿಯಾಗಿದ್ದರೆ ಚೌಕ ಹಸಿರು, ಗುಂಡಿಗೆ ಸ್ವಲ್ಪ ಹಾರಿದರೆ ಹಳದಿ, ಹುಲಿ ಚಿರತೆ ಕಂಡು ಬಡಿದುಕೊಂಡರೆ ಕೆಂಪು. ಒಂದೊಂದು ಹಕ್ಕಿಯ ಸ್ವಭಾವ ಒಂದೊಂದು ಥರ. ಕೆಲವು ಹುಟ್ಟಾ ಪುಕ್ಕಲು, ನನ್ನ ಹಾಗೆ. ಅದಕ್ಕೇ ಕಂಪ್ಯೂಟರು ಹಿಂದಿನ ಮೂವತ್ತು ದಿನದ ಲೆಕ್ಕ ಇಟ್ಟುಕೊಂಡು ಪ್ರತಿ ಹಕ್ಕಿಯ 'ಮಾಮೂಲು' ಬಡಿತ ಎಷ್ಟೆಂದು ತಾನೇ ಕಲಿಯುತ್ತಿತ್ತು. ಮಾಮೂಲಿಗಿಂತ ಮೇಲೆ ಹಾರಿದ್ದನ್ನು ಮಾತ್ರ ಭಯವೆಂದು ಹಿಡಿಯುತ್ತಿತ್ತು. ಸರ್ಕಾರಿ ಕಾಗದದಲ್ಲಿ ಇದಕ್ಕೆ ಉದ್ದನೆಯ ಹೆಸರಿತ್ತು. ನಮ್ಮೂರವರು ಗುಂಡಿಗೆ ನಕ್ಷೆ ಅಂದರು.

ಕಾಡಂಚಿನ ಒಂಬತ್ತು ಊರಿಗೂ ಗಡಿಯಾರ ಹಂಚಿದರು. ಕೈಯಲ್ಲಿ ಕಟ್ಟಿಕೊಂಡರೆ ನಿಂತ ಜಾಗದ ಬಣ್ಣ ತೋರಿಸುತ್ತಿತ್ತು. ಮೊದಮೊದಲು ಮಾದೇವಿ, "ಹಕ್ಕಿ ಗುಂಡ್ಗೆ ನೋಡ್ಕಂಡು ನಾನು ಬಾಗ್ಲು ತೆಗೀಬೇಕಾ?" ಎಂದು ಮೂಗು ಮುರಿದಳು. ಆರು ತಿಂಗಳಲ್ಲಿ ಗಡಿಯಾರ ನೋಡದೆ ಹಿತ್ತಲಿಗೂ ಹೋಗದ ಹಾಗಾದಳು. ಹಸಿರಿದ್ದರೆ ನಾಯಿ ಬೊಗಳಿದರೂ ತಲೆ ಎತ್ತುತ್ತಿರಲಿಲ್ಲ. ಅವಳನ್ನು ಅನ್ನುವುದೇಕೆ? ಮೂರು ವರ್ಷ ಒಂಬತ್ತು ಊರಲ್ಲಿ ಒಂದು ಜೀವ ಹೋಗಲಿಲ್ಲ. ಜನ ಮೊದಲ ಸಲ ಕಣ್ತುಂಬ ನಿದ್ದೆ ಮಾಡಿದರು. ಮೊದಲು ಜೀಪಿನಿಂದ ಕಾಲು ಕೆಳಗಿಡಲು ಬಿಡದಿದ್ದ ಕಾಡಿನಲ್ಲಿ ಹಸಿರು ಚೌಕಗಳ ಮೇಲೆ ನಡೆದುಕೊಂಡೇ ಹಕ್ಕಿ ನೋಡುವ ಏರ್ಪಾಡಾಯಿತು. ದೇಶದಲ್ಲೇ ಮೊದಲು ಎಂದು ಟೀವಿಯವರು ಬಂದರು.

ಈಗ ನನ್ನ ತಪ್ಪಿನ ವಿಚಾರ.

ಹಾಲಕ್ಕಿ ಎಂದರೆ ಅಂಗೈಯಷ್ಟು ಗಾತ್ರದ ಗೂಬೆ. ಹಗಲು ಹೊತ್ತು ಅದರ ಕೂಗು ಕೇಳಿದರೆ ಸಾಕು, ಸುತ್ತಲಿನ ಸಣ್ಣ ಹಕ್ಕಿಗಳೆಲ್ಲ ಭಯಕ್ಕೆ, ಸಿಟ್ಟಿಗೆ ಹುಯ್ಯಲಿಡುತ್ತ ನುಗ್ಗಿ ಬರುತ್ತವೆ, ಅದನ್ನು ಓಡಿಸಲು. ನಾವು ಗೈಡುಗಳು ಆ ಕೂಗನ್ನು ತುಟಿಯಲ್ಲೇ ಸಿಳ್ಳೆ ಹಾಕಿ ಹೊರಡಿಸುತ್ತೇವೆ. ಖಾಲಿ ಪೊದೆಯ ಮುಂದೆ ನಿಂತು ಅರ್ಧ ನಿಮಿಷ ಸಿಳ್ಳೆ ಹಾಕಿದರೆ ಹತ್ತು ಹದಿನೈದು ಜಾತಿಯ ಹಕ್ಕಿ ಅತಿಥಿಗಳ ಮೂಗಿನ ಮುಂದೆ. ಅವರು ಪಟಪಟ ಫೋಟೊ ಹೊಡೆದು, ಗೈಡು ಅಂದರೆ ಇವನಪ್ಪ ಅನ್ನುತ್ತಾರೆ. ಇಲಾಖೆ ಇದನ್ನು ಎಂದೋ ನಿಷೇಧಿಸಿದೆ. ಸಿಕ್ಕಿಬಿದ್ದರೆ ಬ್ಯಾಡ್ಜು ಕಿತ್ತುಕೊಳ್ಳುತ್ತಾರೆ. ಆದರೂ ಹಾಕುತ್ತಿದ್ದೆವು. ಒಬ್ಬೊಬ್ಬ ಗೈಡಿಗೂ ಒಂದೊಂದು ಜಾಗ. ಇನ್ನೊಬ್ಬನ ಜಾಗದಲ್ಲಿ ಬಾಯಿ ಬಿಡುವಂತಿಲ್ಲ, ಅದರ ಮಾತೂ ಆಡುವಂತಿಲ್ಲ. ನನ್ನದು ಜೋಡಿಮತ್ತಿ, ಎರಡು ಮತ್ತಿ ಮರಗಳ ನಡುವಿನ ಬಯಲು. ಮಂಡಿ ಸವೆದು ನನ್ನನ್ನು ಕಂಟ್ರೋಲ್ ರೂಮಿಗೆ ಹಾಕಿದಾಗ ಬ್ಯಾಡ್ಜು ನನ್ನ ಮಗಳು ತನುಶ್ರೀಗೆ ಸಿಕ್ಕಿತು. ಅವಳಿಗೆ ಇಪ್ಪತ್ಮೂರು. ಜಾಗವನ್ನೂ ಸಿಳ್ಳೆಯನ್ನೂ ನಾನೇ ಕೊಟ್ಟೆ. ನಾಲ್ಕೇ ದಿನದಲ್ಲಿ ನನಗಿಂತ ಚೆನ್ನಾಗಿ ಹಾಕಿದಳು. ಹೆಮ್ಮೆಯಾಯಿತು. ಥೂ ನನ್ನ ಬುದ್ಧಿಗೆ!

ಆ ದಿನ ಫೆಬ್ರವರಿ ಎರಡನೇ ವಾರ. ಬೆಳಿಗ್ಗೆ ಐದೂಮುಕ್ಕಾಲಿಗೆ ತನು ಶೂ ಕಟ್ಟುತ್ತಿದ್ದಳು. ಮಾದೇವಿ ರೊಟ್ಟಿ ಸುತ್ತಿ ಚೀಲಕ್ಕೆ ತುರುಕಿದಳು.

"ಇವತ್ತು ಯಾರು ಬಂದವ್ರೆ ಗಿರಾಕಿಗಳು?" ಅಂದೆ.

"ಹುಬ್ಳಿ ಟೀಚರ್‌ಗಳು ಅಪ್ಪ, ರಿಟೈರಾದೋರು. ಆರು ಜನ. ಒಬ್ರು ಊರುಗೋಲು ಬೇರೆ. ಮೆತ್ತಗೆ ನಡುಸ್ಬೇಕು."

"ಗಡಿಯಾರ ನೋಡ್ಕೊ ಮಗಾ," ಅಂದಳು ಮಾದೇವಿ. ಮೂರು ವರ್ಷದಿಂದ ಅವಳು ಮಗಳಿಗೆ ಹೇಳುತ್ತಿದ್ದ ಬುದ್ಧಿಮಾತು ಅದೊಂದೇ.

ಆರೂವರೆಗೆ ನಾನು ಕಂಟ್ರೋಲ್ ರೂಮಿನಲ್ಲಿದ್ದೆ. ಗೋಡೆಯ ಮೇಲೆ ಕಾಡು ಹಸಿರಾಗಿ ಮಲಗಿತ್ತು. ಉತ್ತರದ ಗುಡ್ಡದ ಕಡೆ ಒಂದೆರಡು ಕೆಂಪು. ಅಲ್ಲಿ ಚಿರತೆ ಇರುವುದು ಎಲ್ಲರಿಗೂ ಗೊತ್ತು. ಡಾ. ಅಂಗಡಿ ಚಹಾ ಹೀರುತ್ತ ಕ್ಯಾಮೆರಾ ಫೋಟೊ ನೋಡುತ್ತಿದ್ದರು. ಮರಗಳಿಗೆ ಕಟ್ಟಿದ ಕ್ಯಾಮೆರಾಗಳು ಎದುರು ಹಾದದ್ದನ್ನೆಲ್ಲ ತಾವೇ ಹಿಡಿದು ಕಳಿಸುತ್ತವೆ.

"ರಾಚಪ್ಪ, ಇಲ್ಲಿ ಬರ್ರಿ. ಈ ಕ್ಯಾಮೆರಾದ ಗಡಿಯಾರ ಕೆಟ್ಟೈತೇನು ನೋಡ್ರಿ."

ನೋಡಿದೆ. ಹೆಣ್ಣು ಹುಲಿ. ಕೆಳದವಡೆ ಬಾತು ಜೋತಿತ್ತು. ಅದರಲ್ಲಿ ಮುಳ್ಳುಹಂದಿಯ ಮುಳ್ಳುಗಳು ನೆಟ್ಟಿದ್ದವು. ಪಕ್ಕೆಲುಬು ಎಣಿಸಬಹುದಿತ್ತು. ಅಂಥ ಹುಲಿಗೆ ಜಿಂಕೆ ಹಿಡಿಯಲಾಗದು. ಜಿಂಕೆ ಹಿಡಿಯಲಾಗದ ಹುಲಿ ಏನು ಹಿಡಿಯುತ್ತದೆಂದು ಕಾರೆಪಾಳ್ಯದವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಫೋಟೊದ ಕೆಳಗೆ ಬರೆದಿತ್ತು: ಜೋಡಿಮತ್ತಿ, ಈ ದಿನ, ಆರು ಗಂಟೆ ನಲವತ್ತು ನಿಮಿಷ. ಆಗಷ್ಟೇ ಹತ್ತು ನಿಮಿಷದ ಹಿಂದೆ.

ಗೋಡೆಯ ಮೇಲೆ ಜೋಡಿಮತ್ತಿಯ ಚೌಕ ಎಳೆಬಾಳೆಯಂತೆ ಹಸಿರು.

"ಹಳೇ ಫೋಟೊ ಇರಬೇಕು," ಅಂದರು ಡಾಕ್ಟರು. "ಹುಲಿ ಹಾದಿದ್ರ ಹಕ್ಕಿ ಸುಮ್ನ ಕುಂದರ್ತಾವೇನು?"

ನಾನು ನನ್ನ ಕುರ್ಚಿಗೆ ಬಂದು ಜೋಡಿಮತ್ತಿಯ ಲೆಕ್ಕ ತೆರೆದೆ. ಬಣ್ಣ ಎಲ್ಲರೂ ನೋಡುತ್ತಾರೆ, ಅದರ ಹಿಂದಿನ ಅಂಕಿ ಯಾರೂ ನೋಡುವುದಿಲ್ಲ. ಅಲ್ಲಿನ ಹರಟೆಮಲ್ಲಗಳ ಗುಂಡಿಗೆ ಆ ಹೊತ್ತು ನಿಮಿಷಕ್ಕೆ ಏಳುನೂರು ಸಲ ಬಡಿಯುತ್ತಿತ್ತು. ಬೇರೆ ಕಡೆ ನಾನೂರು. ಏಳುನೂರೆಂದರೆ ಸಾಯುವಷ್ಟು ಭಯ. ಪಕ್ಕದ ಅಂಕಣದಲ್ಲಿ ಕಂಪ್ಯೂಟರು ಬರೆದಿತ್ತು: ಮಾಮೂಲು, ಆರುನೂರ ತೊಂಬತ್ತು.

ಮೂರು ವರ್ಷ, ದಿನ ಬೆಳಗಾದರೆ, ನಾನೂ ನನ್ನ ಮಗಳೂ ಆ ಹಕ್ಕಿಗಳನ್ನು ಸಿಳ್ಳೆ ಹಾಕಿ ಹೆದರಿಸಿದ್ದೆವು. ದಿನಾ ಹೆದರುವವರ ಹೆದರಿಕೆಯನ್ನು ಯಂತ್ರ ಅವರ ಸ್ವಭಾವವೆಂದು ಬರೆದುಕೊಂಡಿತ್ತು. ಈಗ ನಿಜವಾದ ಹುಲಿ ಬಂದು ಹಕ್ಕಿಗಳ ಎದೆ ಒಡೆದು ಹೋಗುವಂತಾದರೂ ಯಂತ್ರಕ್ಕೆ ಅದು ಮಾಮೂಲು. ಹಸಿರು.

ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಎಷ್ಟೋ ಸಲ ನನ್ನನ್ನು ನಾನೇ ಕೇಳಿಕೊಂಡಿದ್ದೇನೆ, ಯಾಕೆ ಹೇಳಲಿಲ್ಲ ಅಂತ. ಹೇಳಿದರೆ ನನ್ನ ಕೆಲಸ ಹೋಗುತ್ತದೆ, ಮಗಳ ಬ್ಯಾಡ್ಜು ಹೋಗುತ್ತದೆ, ಉಳಿದ ಗೈಡುಗಳು ನನ್ನ ಮನೆಯ ಮುಂದೆ ಉಗಿದು ಹೋಗುತ್ತಾರೆ. ಹುಲಿ ಹಾದು ಹೋಗಿದೆ, ನಿಂತಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ತನು ಇನ್ನೂ ದೂರದಲ್ಲಿದ್ದಾಳೆ, ಊರುಗೋಲಿನ ಟೀಚರು ನಿಧಾನ, ತಲುಪುವಷ್ಟರಲ್ಲಿ ಅದು ಎಲ್ಲಿಗೋ ಹೋಗಿರುತ್ತದೆ. ಹೀಗೆ ಇಪ್ಪತ್ತೆರಡು ನಿಮಿಷ ಬಾಯಿ ಮುಚ್ಚಿಕೊಂಡು ಕೂತೆ. ಕೈಯಲ್ಲಿದ್ದ ಚಹಾ ಕುಡಿದೆನೋ ಚೆಲ್ಲಿದೆನೋ ನೆನಪಿಲ್ಲ.

ಏಳು ಗಂಟೆ ಹನ್ನೆರಡು ನಿಮಿಷಕ್ಕೆ ವಾಕಿಟಾಕಿ ಕರಕರ ಅಂದಿತು.

"ಕಂಟ್ರೋಲ್, ತನುಶ್ರೀ. ಜೋಡಿಮತ್ತಿ ತಲ್ಪಿದೀವಿ. ಗಡಿಯಾರ ಹಸಿರು. ಹಕ್ಕಿ ಸಕತ್ತಾಗಿ ಬಂದವೆ ಅಪ್ಪ! ಆಗ್ಲೇ ಹನ್ನೊಂದು ಜಾತಿ ಹೆಸ್ರು ಬರ್ಸುದ್ದೀನಿ. ಕೇಳುಸ್ಕೊ!"

ಅವಳು ವಾಕಿಟಾಕಿಯನ್ನು ಮರಗಳ ಕಡೆ ಎತ್ತಿ ಹಿಡಿದಳು. ಹರಟೆಮಲ್ಲಗಳ ಒರಟು ಗಲಾಟೆ, ಮಟಪಕ್ಷಿಯ ಗಡಸು ಕೂಗು. ಅವುಗಳ ನಡುವೆ ನೆಲದಿಂದ ಬಡಬಡ ರೆಕ್ಕೆ ಬಡಿದು ಎದ್ದ ಕಾಡುಕೋಳಿಯ ಕೊಕ್ಕೊಕ್ಕೊಕ್ಕೊ. ಹಾಲಕ್ಕಿಯ ಕೂಗಿಗೆ ಕಾಡುಕೋಳಿ ಏಳುವುದಿಲ್ಲ. ಇಪ್ಪತ್ತಾರು ವರ್ಷದಲ್ಲಿ ಒಂದು ಸಲವೂ ಎದ್ದಿಲ್ಲ.

"ತನು, ಸಿಳ್ಳೆ ಹಾಕ್ದಾ?" ನನ್ನ ದನಿ ನನಗೇ ಗುರುತು ಸಿಗಲಿಲ್ಲ.

"ಇನ್ನೂ ಇಲ್ಲ ಅಪ್ಪ. ಹಾಕೋಕ್ ಮುಂಚೆನೇ ಬಂದ್ಬುಟ್ಟವೆ!" ಅವಳು ನಗುತ್ತಿದ್ದಳು.

ಡಾ. ಅಂಗಡಿ ಲೋಟ ಕೆಳಗಿಟ್ಟರು. "ಯಾವ ಸಿಳ್ಳಿರೀ?"

ಅವರಿಗೆ ಉತ್ತರ ಕೊಡಲು ಹೊತ್ತಿರಲಿಲ್ಲ. "ತನು, ಅಲ್ಲೇ ನಿಂತ್ಕೊ. ಒಬ್ರೂ ಅಲುಗ್ಬೇಡಿ. ಹತ್ರದಲ್ಲಿ ಹುಲಿ ಅದೆ."

"ಗಡಿಯಾರ ಹಸಿರದೆ ಅಪ್ಪ."

"ಸುಳ್ಳು ಹಸಿರು ಕಣವ್ವ. ಆ ಹಸಿರು ಮಾಡ್ದೋನು ನಾನು. ನಾವು ದಿನಾ ಸಿಳ್ಳೆ ಹಾಕಿ ಹಾಕಿ ಅವುಗಳ ಭಯಾನೆಲ್ಲಾ ಮಾಮೂಲು ಮಾಡ್ಬುಟ್ವಿ. ಗಡಿಯಾರ ಬುಟ್ಟಾಕು. ಹರಟೆಮಲ್ಲ ಕಾಣ್ತವಾ? ಅವುಗಳ ಕೊಕ್ಕು ಎತ್ತಗವೆ, ನೋಡಿ ಹೇಳು."

ವಾಕಿಟಾಕಿ ಎಲ್ಲರಿಗೂ ಕೇಳುವ ವಸ್ತು. ಕಾಡಿನಲ್ಲಿದ್ದ ಹನ್ನೊಂದು ಗೈಡುಗಳೂ ಜೀಪು ಡ್ರೈವರುಗಳೂ ನಾನು ಹೇಳಿದ್ದನ್ನೆಲ್ಲ ಕೇಳಿದರು. ಆಗ ಅದರ ಪರಿವೆ ನನಗಿರಲಿಲ್ಲ.

"ಕೆಳಗಡೆ ನೋಡ್ತಾವೆ," ಅಂದಳು ತನು. ಈಗ ನಗುವಿರಲಿಲ್ಲ. "ಎಲ್ಲಾನೂ ಒಂದೇ ಕಡೆ. ನಾವು ಬಂದ ದಾರಿ ಕಡೆ. ಬೂದಿಹಳ್ಳದ ಕಡೆ."

ಹುಲಿ ಅವರನ್ನು ಮುಂದೆ ಹೋಗಲು ಬಿಟ್ಟು ಹಿಂದೆ ಕೂತಿತ್ತು.

ಡಾ. ಅಂಗಡಿಯವರಿಗೆ ಅಷ್ಟರಲ್ಲಿ ಅರ್ಧ ಅರ್ಥವಾಗಿತ್ತು. ಮುಖ ಬಿಳುಚಿತ್ತು. "ಜೋಡಿಮತ್ತಿ ಸುಳ್ಳು ಅನ್ರಿ. ಆದ್ರ ಬೂದಿಹಳ್ಳಾನೂ ಹಸಿರೈತಲ್ರೀ! ಅಲ್ಲಿ ನೀವೇನೂ ಮಾಡಿಲ್ಲಲ್ಲ? ಹುಲಿ ಅಲ್ಲಿದ್ರ ಅದು ಕೆಂಪಾಗ್ತಿತ್ತು. ಬಂದ ದಾರೀಲೇ ವಾಪಸ್ ಬರ್ಲಿ, ಜೀಪ್ ಅಲ್ಲೇ ಐತಿ."

ಬೂದಿಹಳ್ಳ ನನ್ನದಲ್ಲ. ಅದು ಚೆಲುವಯ್ಯನ ಜಾಗ. ಅವನು ನನಗಿಂತ ಹಿರಿಯ ಗೈಡು. ಆ ಹೊತ್ತು ದಕ್ಷಿಣದ ಕೆರೆ ಏರಿಯ ಮೇಲೆ ಅತಿಥಿಗಳೊಂದಿಗಿದ್ದ. ಇನ್ನೊಬ್ಬನ ಜಾಗದ ಮಾತು ಆಡಬಾರದೆಂಬ ನಮ್ಮ ಕಟ್ಟಳೆಯನ್ನು ಇಪ್ಪತ್ತಾರು ವರ್ಷದಲ್ಲಿ ಯಾರೂ ಮುರಿದಿರಲಿಲ್ಲ. ನಾನು ವಾಕಿಟಾಕಿಯ ಗುಂಡಿ ಒತ್ತಿದೆ.

"ಚೆಲುವಣ್ಣ, ರಾಚಪ್ಪ ಕಣಣ್ಣ. ಬೂದಿಹಳ್ಳದಲ್ಲಿ ನೀನು ಸಿಳ್ಳೆ ಹಾಕ್ತೀಯಾ?"

ಮತ್ತೆ ಒತ್ತಿದೆ.

"ಅಣ್ಣ, ನಿನ್ ಕಾಲಿಗೆ ಬೀಳ್ತೀನಿ. ನನ್ ಮಗಳು ಅಲ್ಲವ್ಳೆ."

ಬರೀ ಸುಯ್ ಎನ್ನುವ ಸದ್ದು. ಆಮೇಲೆ ಚೆಲುವಯ್ಯನ ದನಿ: "ಹಾಕ್ತೀನಿ ಕಣ್ಲಾ ರಾಚ. ದಿನಾ ಹಾಕ್ತೀನಿ."

ಡಾ. ಅಂಗಡಿ ಕೀಲಿಮಣೆ ಎಳೆದುಕೊಂಡು ಬೂದಿಹಳ್ಳದ ಚೌಕಗಳನ್ನು ಅಳಿಸಿದರು. ಹಸಿರು ಹೋಗಿ ಬೂದಿ ಬಣ್ಣ ಬಂತು. ಇಲ್ಲಿ ಏನೂ ಗೊತ್ತಿಲ್ಲ ಎಂದು ಅದರ ಅರ್ಥ. ಅಷ್ಟರಲ್ಲಿ ಇನ್ನೊಂದು ದನಿ: "ಆನೆಬಂಡೆ ನಂದು ಮೇಡಂ. ಅಳಿಸ್ಬುಡಿ." ಅದರ ಹಿಂದೆ ಮತ್ತೊಂದು: "ಗೋಪುರದ ತಿರುವು, ನಂದು." ಒಬ್ಬೊಬ್ಬರೇ ಬಾಯಿ ಬಿಟ್ಟರು. ಒಬ್ಬ ಅಳುತ್ತಲೇ ಮೂರು ಜಾಗದ ಹೆಸರು ಹೇಳಿದ. ಗೋಡೆಯ ಮೇಲೆ ಕಾಡು ಚೌಕ ಚೌಕವಾಗಿ ಬೂದಿಯಾಗುತ್ತ ಹೋಯಿತು. ನಡೆಯುವ ದಾರಿಗಳಲ್ಲೂ ಊರಂಚಿನಲ್ಲೂ ಒಂದು ಹಸಿರೂ ಉಳಿಯಲಿಲ್ಲ. ಇಡೀ ಕಾಡಿನಲ್ಲಿ ಆ ಹೊತ್ತು ಅರವತ್ತು ಎಪ್ಪತ್ತು ಜನ ಹಸಿರೆಂದು ನಂಬಿ ನಿಂತಿದ್ದರು. ಅದನ್ನು ನೋಡಿ ಡಾಕ್ಟರು, "ಅಯ್ಯೋ ಯವ್ವಾ" ಅಂದರು, ಅಷ್ಟೇ.

ಎಲ್ಲರೂ ಮರಕ್ಕೆ ಬೆನ್ನು ಕೊಟ್ಟು ಗುಂಪಾಗಿ ನಿಲ್ಲಬೇಕು, ಜೀಪು ಬರುವವರೆಗೆ ಕದಲಬಾರದು ಎಂದು ಅವರು ಸೂಚನೆ ಕೊಟ್ಟರು. ಜೀಪು ದಾರಿಯ ಹತ್ತಿರವಿದ್ದವರಿಗೆ ಅದು ಸರಿ. ಜೋಡಿಮತ್ತಿಗೆ ಜೀಪು ಹೋಗುವುದಿಲ್ಲ.

"ಅಪ್ಪ," ತನುವಿನ ದನಿ ಸಣ್ಣಗಾಗಿತ್ತು. "ಹಂಗಾರೆ ನಾನು ಎತ್ತಗೆ ಬರ್ಲಿ?"

ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಮಾದೇವಿ. ತೆಗೆಯದಿದ್ದರೆ ಅವಳು ಬಾಗಿಲು ತೆಗೆದು ಹೊರಗೆ ಬರುತ್ತಾಳೆಂದು ತೆಗೆದೆ. "ಇದ್ಯಾಕ್ರೀ, ಗಡಿಯಾರ ಬೂದಿ ಬಣ್ಣಕ್ಕೆ ತಿರುಗ್ತು? ಊರೋರೆಲ್ಲಾ ಬಾಗ್ಲಿಗೆ ಬಂದವ್ರೆ."

"ಕೆಟ್ಟೋಗದೆ. ಎಲ್ರೂ ಒಳಗೋಗಿ ಬಾಗ್ಲು ಹಾಕ್ಕೊಳಿ."

"ಮಗಳೆಲ್ಲಿ?"

"ಕಾಡೊಳಗವ್ಳೆ," ಅಂದೆ. ಅವಳಿಗೆ ಅಷ್ಟು ಸಾಕಾಯಿತು. "ಮಾದಪ್ಪ, ನಮ್ಮಪ್ಪಾ," ಎಂದು ಚೀರಿದ್ದು ಕೇಳಿಸಿತು. ಫೋನು ಕಟ್ಟು ಮಾಡಿದೆ.

ನಕ್ಷೆ ನೋಡಿದೆ. ಕಣ್ಣು ಮಂಜಾಗಿತ್ತು, ಒರೆಸಿಕೊಂಡು ನೋಡಿದೆ. ಜೋಡಿಮತ್ತಿಯ ಪಶ್ಚಿಮಕ್ಕೆ ಹಂಬುಕೆರೆಯ ಜವುಗು. ಲಂಟಾನ, ಮುಳ್ಳು, ಜಿಗಣೆ. ಯಾವ ಗೈಡೂ ಅತಿಥಿಯನ್ನು ಅತ್ತ ಕರೆದೊಯ್ದದ್ದಿಲ್ಲ. ಅಲ್ಲಿ ಚೌಕಗಳು ಹಳದಿಯಾಗಿ ಮಿಣುಕುತ್ತಿದ್ದವು, ಹಾವು ಮುಂಗುಸಿ ಏನಾದರೂ ಇದ್ದೇ ಇರುತ್ತದಲ್ಲ. ಮೂರು ವರ್ಷದಿಂದ ಆ ಹಳದಿ ಕಂಡು ಜನ ದೂರ ಉಳಿದಿದ್ದರು. ಆ ಹಕ್ಕಿಗಳಿಗೆ ಯಾರೂ ಮೋಸ ಮಾಡಿರಲಿಲ್ಲ. ಇಡೀ ಗೋಡೆಯ ಮೇಲೆ ನಿಜ ಹೇಳುತ್ತಿದ್ದುದು ಅದೊಂದೇ ತುಂಡು. ನಾನೂರೈವತ್ತು ಮೀಟರು ದಾಟಿದರೆ ಬೆಂಕಿ ತಡೆಯಲು ಸವರಿದ ಅಗಲ ದಾರಿ. ಅಲ್ಲಿಗೆ ಜೀಪು ಬರುತ್ತದೆ.

"ಹಂಬುಕೆರೆ ಕಡೆ ನಡಿ, ಮಗಾ."

"ಅಪ್ಪ, ಅದು ಹಳದಿ!"

"ಅದಕ್ಕೇ ಹೋಗು ಅಂದಿದ್ದು. ಅಲ್ಲಿ ಹಕ್ಕಿ ಹೆದರಿದ್ರೆ ನಂಗೆ ಕಾಣ್ತದೆ. ಇಲ್ಲಿ ಕಾಣಲ್ಲ."

ನನ್ನ ಮಾತು ಅವಳು ನಂಬಬೇಕಾಗಿತ್ತು. ಅರ್ಧ ಗಂಟೆಯ ಹಿಂದೆ ಅವಳ ಪ್ರಾಣ ಹೋದರೂ ಬಾಯಿ ಬಿಡದೆ ಕೂತಿದ್ದ ಅಪ್ಪನನ್ನು. ಅವಳಿಗದು ಗೊತ್ತಿರಲಿಲ್ಲ.

"ಆಯ್ತು," ಅಂದಳು. ಆಮೇಲೆ ಟೀಚರುಗಳಿಗೆ ಹೇಳಿದ್ದು ಕೇಳಿಸಿತು: "ಮೇಡಂ, ನೀವು ಮುಂದೆ ನಡೀರಿ, ಆ ಒಣಮರ ನೋಡ್ಕಂಡು. ಒಬ್ರ ಹಿಂದೆ ಒಬ್ರು. ನಾನು ಕಡೇಲಿ ಇರ್ತೀನಿ."

"ನೀನು ಮುಂದೆ ಹೋಗೇ!" ಎಂದು ಕೂಗಿಬಿಟ್ಟೆ. ಅವಳು ಕಡೆಯಲ್ಲೇ ಉಳಿದಳು. ಡಾ. ಅಂಗಡಿ ನನ್ನ ಭುಜ ಅದುಮಿ ಕೂರಿಸಿದರು.

ಜಾಫರ್ ಎಂಬ ಡ್ರೈವರು ಜೀಪನ್ನು ಬೆಂಕಿದಾರಿಗೆ ಓಡಿಸಿದ. ಗೋಡೆಯ ಮೇಲೆ ತನುವೂ ಟೀಚರುಗಳೂ ಕಟ್ಟಿಕೊಂಡಿದ್ದ ಏಳು ಗಡಿಯಾರಗಳ ಏಳು ಬಿಳಿ ಚುಕ್ಕೆ ಹಳದಿಯೊಳಕ್ಕೆ ಇಳಿದವು. ಒಂದು ಚೌಕ. ಎರಡು. ಊರುಗೋಲಿನ ಚುಕ್ಕೆ ನಿಲ್ಲುತ್ತಿತ್ತು, ಅದರೊಂದಿಗೆ ಕಡೆಯ ಚುಕ್ಕೆಯೂ ನಿಲ್ಲುತ್ತಿತ್ತು. ಮೂರು. ನಾಲ್ಕು. ಚುಕ್ಕೆಗಳ ಸುತ್ತ ಹಳದಿ ಒಂದಿಷ್ಟು ಗಾಢವಾಗಿ ಮತ್ತೆ ತಿಳಿಯಾಗುತ್ತಿತ್ತು; ಮನುಷ್ಯರನ್ನು ಕಂಡ ಹಕ್ಕಿಗಳ ಭಯ ಅಷ್ಟೇ. ನಾನು ಉಸಿರು ಬಿಟ್ಟೆ.

ಆಗ ಅವರು ದಾಟಿ ಬಂದ ಮೊದಲ ಚೌಕ ಕೆಂಪಾಯಿತು.

ಡಾಕ್ಟರು ನನ್ನ ಕಡೆ ನೋಡಿದರು. ನಾನು ಅವರ ಕಡೆ ನೋಡಲಿಲ್ಲ. ಎರಡನೆಯದೂ ಕೆಂಪಾಯಿತು. ಮೂರನೆಯದು. ಅದಕ್ಕೆ ಅವಸರವಿರಲಿಲ್ಲ. ಅವರು ನಿಂತಾಗ ಅದೂ ನಿಲ್ಲುತ್ತಿತ್ತು. ಮಗಳ ಬೆನ್ನಿಗೂ ಅದಕ್ಕೂ ನಡುವೆ ಎರಡು ಚೌಕ, ಎಂದರೆ ನೂರು ಮೀಟರು. ಸ್ವಲ್ಪ ಹೊತ್ತಿನಲ್ಲಿ ಒಂದೇ ಚೌಕ.

ಹೇಳಿದರೆ ಓಡುತ್ತಾರೆ. ಓಡಿದವರನ್ನು ಹುಲಿ ಬಿಡುವುದಿಲ್ಲ. ಹೇಳದಿದ್ದರೆ? ಆಗಲೇ ಒಂದು ಸಲ ಹೇಳದೆ ಕೂತಿದ್ದೆನಲ್ಲ. ಗುಂಡಿ ಒತ್ತಿದೆ.

"ತನು, ನಿನ್ ಹಿಂದೆ ಬತ್ತಾ ಅದೆ. ಐವತ್ತು ಮೀಟರು. ಓಡ್ಬೇಡ ಕಣವ್ವ. ಅವರಿಗೆ ಹೇಳ್ಬೇಡ. ಜೀಪಿಗೆ ಇನ್ನು ಮೂರೇ ಚೌಕ. ಆಗಾಗ ಹಿಂದಕ್ಕೆ ತಿರುಗಿ ನಿಂತ್ಕೊ, ಮುಖ ತೋರ್ಸು. ಜೋರಾಗಿ ಮಾತಾಡ್ತಾ ನಡಿ."

ಅವಳು ಗುಂಡಿ ಒತ್ತಿಯೇ ಹಿಡಿದಿದ್ದಳು. ಉಸಿರು ಕೇಳಿಸಿತು. ಆಮೇಲೆ ಅವಳು ನಡುಗುವ ದನಿಯಲ್ಲಿ ಏನು ಮಾತಾಡುವುದೆಂದು ತೋಚದೆ ಮಗ್ಗಿ ಹೇಳತೊಡಗಿದಳು. ಹದಿಮೂರರ ಮಗ್ಗಿ. ಮುಂದಿನಿಂದ ಆರು ಟೀಚರುಗಳ ದನಿ ಅದಕ್ಕೆ ಸೇರಿತು. ಅವರಿಗೂ ಗೊತ್ತಾಗಿತ್ತು. ಯಾರೂ ಓಡಲಿಲ್ಲ. ಹದಿಮೂರು ನಾಲ್ಕಲಿ ಐವತ್ತೆರಡು, ಹದಿಮೂರು ಐದಲಿ ಅರವತ್ತೈದು. ನಾನು ಬಾಯಿಗೆ ಟವೆಲು ಒತ್ತಿಕೊಂಡು ಕೇಳಿದೆ.

"ಹತ್ಕೊಂಡ್ರು ಸಾರ್," ಜಾಫರನ ದನಿ. "ಆರು ಜನ ಹತ್ಕೊಂಡ್ರು."

ಏಳನೆಯ ಚುಕ್ಕೆ ಕೆಂಪು ಚೌಕದೊಳಗಿತ್ತು.

"ಅಪ್ಪ." ಪಿಸುಮಾತು. "ಕಾಣ್ತಾ ಅದೆ. ಕೂತದೆ. ನನ್ನೇ ನೋಡ್ತದೆ. ಬಾಯಿಂದ ರಕ್ತ ಸುರೀತಾ ಅದೆ."

"ಕಣ್ಣು ಕೀಳ್ಬೇಡ. ಹಿಂದಿಂದಕ್ಕೆ ಹೆಜ್ಜೆ ಇಡು."

ಇನ್ನು ಆ ನಿಮಿಷವನ್ನು ನನ್ನಿಂದ ಹೇಳಲಾಗದು. ಜಾಫರ್ ಹಾರನ್ ಒತ್ತಿ ಹಿಡಿದ. ಟೀಚರುಗಳು ಕಿರುಚಿದರು. ವಾಕಿಟಾಕಿ ಎಲ್ಲೋ ಬಿದ್ದು ನಿಂತುಹೋಯಿತು. ಆಮೇಲೆ ಚುಕ್ಕೆ ಚೌಕದ ಗೆರೆ ದಾಟಿತು. ಏಳು ಚುಕ್ಕೆ ಒಟ್ಟಾಗಿ, ಜೀಪಿನ ವೇಗದಲ್ಲಿ, ದಾರಿಗುಂಟ ಸರಿಯತೊಡಗಿದವು. ನಾನು ನೆಲದ ಮೇಲೆ ಕೂತುಬಿಟ್ಟೆ. ಡಾ. ಅಂಗಡಿ ಗೋಡೆಗೆ ಹಣೆ ಹಚ್ಚಿ ಅಳುತ್ತಿದ್ದರು.

ಉಳಿದ ಗುಂಪುಗಳನ್ನೂ ಜೀಪುಗಳು ಒಂದೊಂದಾಗಿ ಹೊರತಂದವು. ಮಧ್ಯಾಹ್ನದ ಹೊತ್ತಿಗೆ ಹುಲಿಗೆ ಅರಿವಳಿಕೆ ಕೊಟ್ಟು ಸಾಗಿಸಿದರು. ಇಪ್ಪತ್ತೆರಡು ನಿಮಿಷದ ವಿಷಯ ನಾನೇ ಬರೆದುಕೊಟ್ಟೆ. ನನ್ನನ್ನು ಕೆಲಸದಿಂದ ತೆಗೆದರು. ಸರಿಯಾಗಿಯೇ ಮಾಡಿದರು. ಒಂಬತ್ತು ಊರಿನ ಗಡಿಯಾರಗಳೂ ಬೂದಿಯಾಗಿಯೇ ಉಳಿದವು. ಹಕ್ಕಿಗಳು ಮೊದಲಿನಂತಾಗಲು ಎಷ್ಟು ದಿನ ಬೇಕೆಂದು ಡಾಕ್ಟರಿಗೂ ಗೊತ್ತಿರಲಿಲ್ಲ.

ಸಂಜೆ ನಾಲ್ಕರ ಸುಮಾರಿಗೆ ಮನೆಗೆ ಬಂದೆ. ತನು ಜಗಲಿಯ ಕಂಬಕ್ಕೆ ಒರಗಿ ಕೂತಿದ್ದಳು. ಮುಳ್ಳು ಗೀರಿದ ಕೈಗೆ ಮಾದೇವಿ ಅರಿಸಿನ ಹಚ್ಚುತ್ತಿದ್ದಳು. ಮಾದೇವಿ ನನ್ನ ಮುಖ ನೋಡಲಿಲ್ಲ. ನಾನು ಮೆಟ್ಟಿಲ ಮೇಲೆ ಕೂತು ಎಲ್ಲವನ್ನೂ ಹೇಳಿದೆ, ಇಪ್ಪತ್ತೆರಡು ನಿಮಿಷವನ್ನೂ. ಬೈಯಲಿ, ಹೊಡೆಯಲಿ ಎಂದು ಕಾದೆ. ಮಗಳು ಬೈಯಲಿಲ್ಲ.

"ನೀನು ಇಪ್ಪತ್ತೆರಡು ನಿಮಿಷ ಹೇಳ್ನಿಲ್ಲ ಅಪ್ಪ," ಅಂದಳು. "ಅವು ಹೇಳ್ತಾನೇ ಇದ್ವು. ನಾವು ಜೋಡಿಮತ್ತಿಗೆ ಕಾಲಿಟ್ಟಾಗ್ಲಿಂದ, ತಲೆ ಮೇಲೆ ನಿಂತ್ಕಂಡು, ಗಂಟ್ಲು ಹರ್ಕೊಂಡು ಹೇಳ್ತಾನೇ ಇದ್ವು. ನಾನು ಟೀಚರ್‌ಗಳಿಗೆ ಅವುಗಳ ಹೆಸ್ರು ಬರ್ಸ್ಕೊಂಡು ನಿಂತಿದ್ದೆ."